ಸರೋಜತ್ತೆಯ ಟರ್ಬ್ಯುಲೆನ್ಸ್

ವಿಮಾನ ಜಗ್ಗಿ ಕೆಳಕ್ಕಿಳಿದಾಗ ಸ್ಪೀಕರಿನಲ್ಲಿ ‘ಟರ್ಬ್ಯುಲೆನ್ಸ್’ ಎಂಬ ಮಾತು ಕೇಳಿತು. ಪಕ್ಕದವರು ಕಣ್ಣು ಮುಚ್ಚಿ ದೇವರನ್ನು ನೆನೆದರು. ನನ್ನ ಮೂಗಿಗೆ ಮಾತ್ರ ಬೇಯುವ ರಾಗಿಹಿಟ್ಟಿನ ವಾಸನೆ ಬಡಿಯಿತು. ಆ ಪದ ನನಗೆ ಮೊದಲು ಗೊತ್ತಾದದ್ದು ಚಿಕ್ಕಜಾಜೂರಿನ ರೈಲ್ವೆ ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ, ಸರೋಜತ್ತೆಯ ಬಾಯಿಂದ.

ಸರೋಜತ್ತೆ ಅಪ್ಪನ ತಂಗಿ. ಎಸ್ಸೆಸ್ಸೆಲ್ಸಿಯ ಇಂಗ್ಲಿಷ್ ಅವಳನ್ನು ಎರಡು ಸಲ ಕೆಡವಿತ್ತು. ಟೀಚರ್ ಆಗಲೇಬೇಕೆಂಬ ಹಟಕ್ಕೆ ಮತ್ತೆ ಪರೀಕ್ಷೆಗೆ ಕಟ್ಟಿದ್ದಳು. ಪರೀಕ್ಷೆಯ ಹಿಂದಿನ ದಿನವೇ ಹೊಸದುರ್ಗದ ಕಡೆಯವರು ಹೆಣ್ಣು ನೋಡಲು ಬಂದರು. ಒಪ್ಪಿಗೆಯಾದರೆ ಓದು ಅಲ್ಲಿಗೆ ಸಾಕು ಎಂಬುದು ಅವರ ಮಾತು, ಅಜ್ಜಿ ಅದಕ್ಕೆ ಹೂಂ ಅಂದುಬಿಟ್ಟಿದ್ದಳು. ಹುಡುಗಿ ಕೈಯ ಮುದ್ದೆ ಉಂಡೇ ಒಪ್ಪಿಗೆ ಹೇಳುವುದು ಅವರ ರೂಢಿ. ಅಜ್ಜಿಗೆ ಅದರ ಚಿಂತೆಯೇ ಇರಲಿಲ್ಲ. ನಮ್ಮ ಸರೋಜಿಯ ಮುದ್ದೆ ಗಂಟಲಲ್ಲಿ ತಾನೇ ಜಾರುತ್ತದೆ ಎಂದು ಕ್ವಾರ್ಟರ್ಸಿಗೆಲ್ಲ ಸಾರಿದವಳು ಅವಳೇ.

ನೆಂಟರು ನಡುಮನೆಯಲ್ಲಿ ಕೂತಿದ್ದರೂ ಅಪ್ಪ ಅಡುಗೆಮನೆ ಬಾಗಿಲಲ್ಲಿ ನಿಂತು ಪಿಸುದನಿಯ ಪಾಠ ಬಿಟ್ಟಿರಲಿಲ್ಲ.

“ಟರ್ಬ್ಯುಲೆನ್ಸ್ ಅಂದ್ರೆ?”

“ನೀರೋ ಗಾಳಿನೋ ನೆಟ್ಟಗೆ ಹರೀದೆ ಅಡ್ಡಾದಿಡ್ಡಿ ಕಲಕೋದು. ಮನಸ್ಸಿಗೂ ಅಂತಾರೆ.”

“ಬರೀ ಅರ್ಥ ಸಾಲ್ದು. ಬಳಸಿ ತೋರ್ಸು, ಸ್ವಂತ ವಾಕ್ಯ.”

ಅಷ್ಟರಲ್ಲಿ ಯಾರೋ ಕರೆದರು, ಅಪ್ಪ ಹೋದ. ಎಸರು ಕೊತಕೊತ ಕುದಿಯುತ್ತಿತ್ತು. ಅತ್ತೆ ಹಿಟ್ಟು ಸುರಿದಳು. ಸುರಿದ ಹಿಟ್ಟು ಗುಡ್ಡೆಯಾಗಿಯೇ ಬೇಯಬೇಕು, ಬೆಂದ ಮೇಲಷ್ಟೇ ಕೋಲು ಹಾಕಬೇಕು ಎನ್ನುವುದು ನಮ್ಮ ಸೀಮೆಯಲ್ಲಿ ಎಳೆಮಕ್ಕಳಿಗೂ ಗೊತ್ತು. ಅತ್ತೆ ಹಸಿಹಿಟ್ಟಿಗೇ ಕೋಲು ಹಾಕಿ ಗರಗರ ತಿರುವತೊಡಗಿದಳು.

“ಅತ್ತೆ, ಗಂಟಾಗ್ತೈತೆ!” ಎಂದೆ, ಒಲೆ ಪಕ್ಕ ಕೂತಿದ್ದ ನಾನು.

“ಸುಮ್ನಿರೇ.” ಕೋಲನ್ನು ಇನ್ನೂ ಬಿಗಿಯಾಗಿ ಹಿಡಿದಳು. “ದೇರ್ ಈಸ್ ಟರ್ಬ್ಯುಲೆನ್ಸ್ ಇನ್ ಮೈ ಹೌಸ್,” ಎಂದು ತನ್ನಷ್ಟಕ್ಕೇ ಗೊಣಗಿದಳು. ತಿರುವುವುದನ್ನು ನಿಲ್ಲಿಸಲಿಲ್ಲ.

ಗಂಡಿನ ತಾಯಿ ಮೊದಲ ತುತ್ತು ಮುರಿದರು. ಒಳಗಿಂದ ಒಣಹಿಟ್ಟು ಉದುರಿತು. “ಇದೇನ್ರಿ?” ಎಂದು ಆಕೆ ಅಜ್ಜಿಯನ್ನು ಕೇಳಿದರು. ಅಜ್ಜಿ ಬಾಗಿಲ ಮರೆಯಲ್ಲಿದ್ದ ಮಗಳ ಕಡೆ ತಿರುಗಿದಳು. ಬಹಳ ಹೊತ್ತು ನೋಡಿದಳು. ಇವತ್ತು ಅತ್ತೆಗೆ ಹಿಟ್ಟಿನ ಕೋಲಿನ ಪೂಜೆ ಗ್ಯಾರಂಟಿ ಎಂದುಕೊಂಡೆ.

“ಏನ್ ಮಾಡಾದ್ರಿ,” ಎಂದಳು ಅಜ್ಜಿ, “ಇವಳ ಕೈ ಯಾವಾಗ್ಲೂ ಹಿಂಗೇ. ಹೇಳಿ ಹೇಳಿ ನನಗೂ ಸಾಕಾಗೈತೆ.”

ನೆಂಟರು ಕೈ ತೊಳೆದು ಎದ್ದರು. ಮರುದಿನ ಅತ್ತೆ ಪರೀಕ್ಷೆ ಬರೆದಳು, ಪಾಸಾದಳು, ಹೊಳಲ್ಕೆರೆಯ ಸುತ್ತಲ ಹಳ್ಳಿಗಳಲ್ಲಿ ಬಾಳೆಲ್ಲ ಪಾಠ ಹೇಳಿದಳು. ಆ ದಿನದ ಸುದ್ದಿಯನ್ನು ತಾಯಿ ಮಗಳು ಒಮ್ಮೆಯೂ ಎತ್ತಿದ್ದು ನಾನು ಕೇಳಿಲ್ಲ. ಅಜ್ಜಿ ಹೋದಳು, ಕ್ವಾರ್ಟರ್ಸ್ ಕೆಡವಿದರು, ಹೋದ ವರ್ಷ ಅತ್ತೆಯೂ ಹೋದಳು. ನಿಮ್ಮ ಮನೆಯಲ್ಲೂ ನಮ್ಮ ಅಜ್ಜಿಯಂಥವರೊಬ್ಬರು ಇದ್ದಿರಬೇಕು. ತಮ್ಮ ಹೆಮ್ಮೆಯನ್ನು ತಾವೇ ನುಂಗಿಕೊಂಡು ನನಗಾಗಿ ಅಷ್ಟು ದೊಡ್ಡ ಸುಳ್ಳು ಹೇಳುವವರು ಈಗ ಯಾರೂ ಉಳಿದಿಲ್ಲ.