ಯಾಬಿಗಳು ಒಪ್ಪದೆ ಪಂಪು ಓಡುವುದಿಲ್ಲ

ಬೆಳಗಿನ ಐದೂವರೆ. ಮೇಲೆ ಒಂದು ತುಣುಕೂ ಮೋಡವಿಲ್ಲ, ಕೆಳಗೆ ಬಾಕಾ ನದಿ ತುಂಬಿ ಬರುತ್ತಿದೆ. ಮಳೆ ಬಿದ್ದದ್ದು ಮೂರು ವಾರದ ಹಿಂದೆ, ಏಳುನೂರು ಕಿಲೋಮೀಟರ್ ಆಚೆ. ಹನ್ನೊಂದು ತಿಂಗಳು ಕಾಯಿಸಿ ಕೊಟ್ಟಿರುವ ಎಂಟ್ರಿ ಹೀರೋದು, ಮೇಕಪ್ ಮಾತ್ರ ಪಕ್ಕಾ ವಿಲನ್‌ದು: ಕಡುಕಪ್ಪು ನೀರು, ಕೊಳೆತ ಎಲೆಯ ನಾತ.

ದಡದ ಜೇಡಿಮಣ್ಣಿನಲ್ಲಿ ಕುಕ್ಕರಗಾಲಲ್ಲಿ ಕೂತ ವರ್ನಾ ಕೆರಿಗನ್ ಯಾಬಿಗಳನ್ನು ಎಣಿಸುತ್ತಿದ್ದಾರೆ. ಕಪ್ಪು ನೀರಲ್ಲಿ ಉಸಿರಾಡಲಾಗದ ಈ ಹೊಳೆಸೀಗಡಿಗಳು ಕೊಂಡಿ ಎತ್ತಿಕೊಂಡು ದಡ ಹತ್ತಿವೆ.

"ನಿನ್ನೆ ಇನ್ನೂರರ ಮೇಲಿದ್ವು, ಇವತ್ತು ಅರವತ್ತು. ಇವು ವಾಪಸ್ ನೀರಿಗಿಳಿಯೋವರ್ಗೂ ನನ್ ಪಂಪು ಕೆಮ್ಮೋದೂ ಇಲ್ಲ."

ಅರವತ್ತೊಂದರ ವರ್ನಾ ಟಿಲ್ಗಾರಾ ಊರಿನ ಪಂಪು ನೋಡಿಕೊಳ್ಳುತ್ತಿರುವುದು ಇಪ್ಪತ್ಮೂರು ವರ್ಷಗಳಿಂದ. ಆರುನೂರು ಜನರ ನಲ್ಲಿ ಇವರ ಕೈಯಲ್ಲಿದೆ. ದಿನಕ್ಕೆ ನಾಲ್ಕು ಸಲ ಎಂಬತ್ನಾಲ್ಕು ಮೆಟ್ಟಿಲು ಇಳಿದು ಹತ್ತುತ್ತಾರೆ. ಮಂಡಿ ಎರಡೂ ರಾಜೀನಾಮೆ ಕೊಟ್ಟಾಗಿದೆ, ಇವರು ಸ್ವೀಕರಿಸಿಲ್ಲ.

ಹೊಳೆಯ ಮಡುವಿನಿಂದ ನೀರೆತ್ತುತ್ತಿದ್ದ ಪಂಪು ಕಪ್ಪು ನೀರು ಬಂದಾಗಿನಿಂದ ನಿಂತಿದೆ; ಇವತ್ತು ಟ್ಯಾಂಕಿನಲ್ಲಿ ಉಳಿದಿರುವುದು ಒಂದು ಗೇಣು ನೀರು. ನಾಳೆ ಸಂಜೆಗೆ ಖಾಲಿ. ಕ್ಲಿನಿಕ್ಕಿನಲ್ಲಿ ನಾಲ್ವರಿಗೆ ಡಯಾಲಿಸಿಸ್ ಆಗಬೇಕು, ಅದು ನೀರಿಲ್ಲದೆ ನಡೆಯುವುದಿಲ್ಲ, ಕೊಳಕು ನೀರಲ್ಲೂ ನಡೆಯುವುದಿಲ್ಲ.

ಊರಿನ ಏಕೈಕ ಹೋಟೆಲಿನ ಕ್ಲೆಮ್ ಮೆಟ್ಟಿಲ ಮೇಲಿಂದಲೇ ಕೂಗುತ್ತಾನೆ: "ಏನ್ ಆಂಟಿ, ಸೀಗಡಿ ಹತ್ರ ಪರ್ಮಿಷನ್ ಕೇಳ್ತಿದೀಯಾ? ಹೊಳೆ ತುಂಬಾ ನೀರಿದೆ, ಸ್ವಿಚ್ ಒತ್ತೋದಷ್ಟೇ!"

"ಇಳಿದು ಬಾ ಮಗಾ, ಒಂದು ಲೋಟ ಕುಡಿ. ನೀನು ಬದುಕಿದ್ರೆ ಒತ್ತೀನಿ."

ಕ್ಲೆಮ್ ಇಳಿಯುವುದಿಲ್ಲ.

ಇವರ ಹಟಕ್ಕೊಂದು ಫ್ಲ್ಯಾಶ್‌ಬ್ಯಾಕ್ ಇದೆ. ಕೆಲಸಕ್ಕೆ ಸೇರಿದ ವರ್ಷ ನದಿ ಹೀಗೇ ಬಂದಿತ್ತು. ಜನ ಬ್ಯಾಂಡು ಬಾರಿಸುತ್ತಾ ದಡಕ್ಕೆ ಬಂದರು. ಆ ಖುಷಿಯಲ್ಲಿ ಇವರೂ ಪಂಪು ಹಾಕಿಬಿಟ್ಟರು. ಟ್ಯಾಂಕು ತೊಳೆದು ಮುಗಿಸಲು ಒಂಬತ್ತು ದಿನ ಹಿಡಿಯಿತು, ಶಾಲೆ ಮುಚ್ಚಿತು, ಮಕ್ಕಳಿಗೆಲ್ಲ ವಾಂತಿ. "ನಮ್ಮವ್ವ ಒಂಬತ್ತು ದಿನಾನೂ ನನ್ ಜೊತೆ ಮಾತಾಡ್ಲಿಲ್ಲ. ಹತ್ತನೇ ದಿನ ಕೈ ಹಿಡ್ಕೊಂಡು ದಡಕ್ಕೆ ಕರ್ಕೊಂಡ್ ಬಂದು ಯಾಬಿ ತೋರ್ಸಿದ್ಲು. 'ಇವನ್ನ ಕೇಳ್ಬೇಕಿತ್ತು ನೀನು' ಅಂದ್ಲು, ಅಷ್ಟೇ."

ಮರುದಿನ ಬೆಳಗ್ಗೆ ಟ್ಯಾಂಕಿನಲ್ಲಿ ನಾಲ್ಕು ಬೆರಳು. ದಡದಲ್ಲಿ ಹತ್ತೊಂಬತ್ತು ಯಾಬಿ. ಕ್ಲಿನಿಕ್ಕಿನ ನರ್ಸ್ ಎರಡು ಸಲ ಫೋನ್ ಮಾಡಿದ್ದಾರೆ. ಮಧ್ಯಾಹ್ನಕ್ಕೆ ಏಳು ಯಾಬಿ. ವರ್ನಾ ಊಟ ಬಿಟ್ಟು, ಚಹಾ ಬಿಟ್ಟು ಅಲ್ಲೇ ಕೂತಿದ್ದಾರೆ. ಮೆಟ್ಟಿಲ ಮೇಲೆ ಅರ್ಧ ಊರು ನೆರೆದಿದೆ.

ಮೂರೂಕಾಲಿಗೆ ಕೊನೆಯ ಯಾಬಿ, ಒಂದು ಕೊಂಡಿ ಮುರಿದ ಮುದಿಯ, ಹಿಂದೆ ಹಿಂದೆ ಸರಿದು ನೀರಿಗೆ ಜಾರುತ್ತದೆ. ವರ್ನಾ ಎದ್ದೇಳುವುದಿಲ್ಲ. ಪೂರ್ತಿ ಅರ್ಧ ಗಂಟೆ, ಅದು ಮತ್ತೆ ಮೇಲೆ ಬರುತ್ತದೇನೋ ಎಂದು ನೋಡುತ್ತಾರೆ. ಬರುವುದಿಲ್ಲ. ಬೊಗಸೆಯಲ್ಲಿ ನೀರೆತ್ತಿ ಮೂಸಿ, ಪಂಪುಮನೆಗೆ ನಡೆಯುತ್ತಾರೆ. ಡೀಸೆಲ್ ಎಂಜಿನ್ ಎರಡು ಸಲ ಮುನಿಸಿಕೊಂಡು ಮೂರನೆಯದಕ್ಕೆ ಗುಡುಗುತ್ತದೆ. ಮೆಟ್ಟಿಲ ಮೇಲೆ ಶಿಳ್ಳೆ ಬೀಳುತ್ತದೆ.

ಟ್ಯಾಂಕಿನಲ್ಲಿ ಎರಡು ಬೆರಳು ನೀರಿದ್ದಾಗಲೇ ಶೋಧಿಸಿದ ಹೊಸ ನೀರು ಬಂದು ಸೇರುತ್ತದೆ. "ಇವತ್ತಿನ ಡಯಾಲಿಸಿಸ್ ನಡೆಯುತ್ತೆ ಆಂಟಿ," ಎನ್ನುತ್ತಾರೆ ಫೋನಿನಲ್ಲಿ ನರ್ಸ್. ವರ್ನಾ ಮೊದಲ ಬಾರಿಗೆ ಗೋಡೆಗೆ ಒರಗಿ ಕಣ್ಣು ಮುಚ್ಚುತ್ತಾರೆ.

ಕ್ಲೆಮ್ ತನ್ನ ಹೋಟೆಲಿನ ನಲ್ಲಿಯಿಂದ ಒಂದು ಲೋಟ ಹಿಡಿದು ತಂದು, ಇವರೆದುರೇ ಗಟಗಟ ಕುಡಿದು ಬಾಯಿ ಒರೆಸಿಕೊಳ್ಳುತ್ತಾನೆ.

"ಇಷ್ಟು ಕಾದಿದ್ದಕ್ಕೆ ಏನ್ ಆಂಟಿ ಇದು, ಒಂಚೂರೂ ರುಚಿನೇ ಇಲ್ವಲ್ಲ!"

"ಹೌದಲ್ವಾ," ಎನ್ನುತ್ತಾರೆ ವರ್ನಾ. "ಅದಕ್ಕೇ ಮಗಾ ನನಗೆ ಸಂಬಳ ಕೊಡೋದು."