ಘಾಟು ಬರದ ಮೆಣಸಿನಕಾಯಿ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಸುಳ್ಳು ಹೇಳುವುದಿಲ್ಲ. ಬ್ಯಾಡಗಿಯಲ್ಲಿ ಮನೆಯಲ್ಲೇ ಕೂತು ಬ್ಲೌಸ್ ಹೊಲಿಯುತ್ತೇನೆ. ಬರುವವರಿಗೆಲ್ಲ ನಿಂತ ಕಾಲ ಮೇಲೆ ಬೇಕು. ಬಟ್ಟೆ ಕೊಟ್ಟು ಓಣಿ ದಾಟುವುದರೊಳಗೆ ‘ಆತೇನ್ರಿ?’ ಎಂದು ತಿರುಗಿ ಬರುತ್ತಾರೆ. ಆಗ ಪಿತ್ತ ನೆತ್ತಿಗೇರುತ್ತದೆ. ಮಷಿನ್ ನಿಲ್ಲಿಸಿ ಒಮ್ಮೆ ದುರುಗುಟ್ಟಿ ನೋಡುತ್ತೇನೆ.

‘ಆಕಿ ಕಣ್ಣಾಗ ಕೆಂಡ ಅದಾವ ನೋಡವಾ’ ಎಂದು ಓಣಿಯ ಹೆಂಗಸರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಕೆಂಡ ಎಂದವರು ಯಾರೂ ನೀರು ತರಲು ಓಡಿರಲಿಲ್ಲವಲ್ಲ! ಆದರೆ ಪಕ್ಕದ ಮನೆಯ ಮುದುಕಿ ಮಾತ್ರ ನಗದೆ ಕೇಳಿಸಿಕೊಂಡಿದ್ದಳು.

ಆಕೆಯ ಮಗನದು ಮೆಣಸಿನಕಾಯಿ ವ್ಯಾಪಾರ. ಸೊಸೆ ಕುಪ್ಪೇಲೂರಿನ ಹುಡುಗಿ. ತುಸು ಬಿಡುವಾದರೆ ಕೂಸನ್ನು ಎತ್ತಿಕೊಂಡು ನನ್ನ ಹತ್ತಿರ ಬರುತ್ತಿದ್ದಳು. ನಮಗೆ ಮಕ್ಕಳಾಗಲಿಲ್ಲ. ಆ ಕೂಸು ನನ್ನ ತೊಡೆಯ ಮೇಲೆ ಕೂತು ಬಟ್ಟೆಯ ಚೂರುಗಳನ್ನು ಬಾಯಿಗಿಡುತ್ತಿತ್ತು. ಅದು ಇದ್ದಷ್ಟು ಹೊತ್ತು ನಾನು ಯಾರ ಮೇಲೂ ಹರಿಹಾಯುತ್ತಿರಲಿಲ್ಲ. ಅದೆಂದರೆ ನನಗೆ ಜೀವ.

ಕೂಸು ಹಾಲು ಕಕ್ಕಿದರೂ, ರಚ್ಚೆ ಹಿಡಿದರೂ ಮುದುಕಿ ದೃಷ್ಟಿ ತಾಗಿದೆಯೆಂದು ನೆದರು ತೆಗೆಯುತ್ತಿದ್ದಳು. ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಕೂಸಿನ ಮುಂದೆ ನಿವಾಳಿಸಿ ಹಿತ್ತಲಿನ ನೀರೊಲೆಗೆ ಹಾಕುವುದು. ಘಾಟೆದ್ದು ಎಲ್ಲರೂ ಕೆಮ್ಮಿದರೆ ಯಾರ ನೆದರೂ ಇಲ್ಲ. ಘಾಟು ಬರದಿದ್ದರೆ ಯಾರದೋ ಕಣ್ಣು ಹತ್ತಿದೆ ಎಂದರ್ಥ. ಅವರ ಒಲೆಯಿಂದ ಘಾಟು ಎಂದೂ ಬರುತ್ತಿರಲಿಲ್ಲ.

‘ಮನಿ ಮ್ಯಾಲೆ ಕತ್ತಿ ತೂಗಾಕತ್ತೈತಿ. ಯಾರದೋ ಉರಿಗಣ್ಣು’ ಎಂದು ಮುದುಕಿ ಕಟ್ಟೆಯ ಮೇಲೆ ಕೂತು ಗೊಣಗುತ್ತಾ ನನ್ನ ಬಾಗಿಲ ಕಡೆ ನೋಡುತ್ತಿದ್ದಳು. ಬರಬರುತ್ತಾ ಸೊಸೆ ಬರುವುದು ಕಡಿಮೆಯಾಯಿತು. ಕರೆದರೆ ‘ಕೂಸು ಮಲಗೈತ್ರಿ ಅಕ್ಕಾರ’ ಎನ್ನುವಳು. ಒಳಗೆ ಅದು ಕೇಕೆ ಹಾಕುವುದು ನನಗೆ ಕೇಳುತ್ತಿತ್ತು.

ನಾನೂ ಅನುಮಾನದ ಹೆಂಗಸಾದೆ. ಪಕ್ಕದಲ್ಲಿ ಪಿಸುಮಾತು ಕೇಳಿದರೆ ಮಷಿನ್ ನಿಲ್ಲಿಸಿ ಗೋಡೆಗೆ ಕಿವಿಗೊಡುತ್ತಿದ್ದೆ. ಯಾರಾದರೂ ಬ್ಲೌಸನ್ನು ತಿರುಗಿಸಿ ನೋಡಿದರೆ ಹೊಲಿಗೆ ನೋಡುತ್ತಿದ್ದಾರೋ, ನನ್ನ ಕಣ್ಣು ಅದಕ್ಕೂ ಹತ್ತಿದೆಯೋ ಎಂದು ನೋಡುತ್ತಿದ್ದಾರೋ ಎಂಬ ಗುಮಾನಿ. ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಿದ್ದೆ. ಸಿಟ್ಟು ಮಾಡಿದರೆ ಕೂಸು ಪೂರಾ ಕೈತಪ್ಪುತ್ತದೆ ಎಂಬ ಭಯ.

ಒಂದು ದಿನ ಬಟ್ಟೆ ಒಣಹಾಕುತ್ತಾ ಅವರ ಹಿತ್ತಲ ಕಡೆ ನೋಡಿದೆ. ಮುದುಕಿ ಒಲೆಗೆ ಹಾಕುತ್ತಿದ್ದುದು ಮನೆಯ ವ್ಯಾಪಾರದ ಬ್ಯಾಡಗಿ ಕಾಯಿ. ಬಣ್ಣಕ್ಕೆ ಹೆಸರಾದದ್ದು, ಖಾರ ಅಷ್ಟಕ್ಕಷ್ಟೇ. ಅದರಲ್ಲೂ ಬೀಜವನ್ನೆಲ್ಲ ಉದುರಿಸಿ ಬರೀ ಸಿಪ್ಪೆ ಹಾಕುತ್ತಿದ್ದಳು. ನನ್ನ ತವರು ಗುತ್ತಲದಲ್ಲಿ ಅವ್ವ ನೆದರು ತೆಗೆಯಲು ಗುಂಟೂರು ಕಾಯಿಯನ್ನೇ ಸುಡುತ್ತಿದ್ದಳು. ನಾವೆಲ್ಲ ಕೆಮ್ಮಿ ಕೆಮ್ಮಿ ಬೀದಿಗೆ ಓಡುತ್ತಿದ್ದೆವು. ತಡಮಾಡದೆ ಒಂದು ಮುಷ್ಟಿ ಗುಂಟೂರು ಕಾಯಿ ಹಿಡಿದು ಅವರ ಹಿತ್ತಲಿಗೆ ಹೋದೆ.

‘ಆಯಿ, ಇವನ್ನ ಹಾಕಿ ನೋಡ್ರಿ. ನಿಮ್ಮ ಕಾಯಾಗ ಖಾರನ ಇಲ್ಲ, ಘಾಟು ಎಲ್ಲಿಂದ ಬರಬೇಕು?’

ಮುದುಕಿ ನನ್ನನ್ನೇ ದಿಟ್ಟಿಸಿದಳು. ಆಮೇಲೆ ಕಾಯಿ ಇಸಕೊಂಡು, ಸೊಸೆಯ ಕಂಕುಳಲ್ಲಿದ್ದ ಕೂಸಿಗೆ ನಿವಾಳಿಸಿ ಒಲೆಗೆ ಸುರಿದಳು. ಕ್ಷಣದಲ್ಲಿ ಘಾಟೆದ್ದಿತು. ಮುದುಕಿ, ಸೊಸೆ, ಕೂಸು, ನಾನು, ಎಲ್ಲರೂ ಕೆಮ್ಮತೊಡಗಿದೆವು. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ನನಗೆ ಹಿಗ್ಗೋ ಹಿಗ್ಗು.

‘ನೋಡಿದ್ರಿಲ್ಲೋ? ಯಾರ ನೆದರೂ ಇಲ್ಲ!’ ಎಂದೆ.

ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ‘ನನ್ನ ಅನುಮಾನ ಖರೇ ಆತು ನೋಡವಾ. ಇಷ್ಟು ದಿನ ಇಳೀಲಾರದ್ದು ನಿನ್ನ ಕೈಯಿಂದ ಇಳೀತು. ಹಾಕಿದಾಕಿನ ತಗೀಬೇಕಿತ್ತು.’

ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದದ್ದು ಅಂದುಬಿಡಬೇಕು ಅನ್ನುವಷ್ಟರಲ್ಲಿ ಸೊಸೆ ಕೂಸಿನ ಮುಖಕ್ಕೆ ಸೆರಗು ಮುಚ್ಚಿದಳು. ಘಾಟಿಗೆ ಮುಚ್ಚಿದಳೋ ನನಗೆ ಮುಚ್ಚಿದಳೋ, ಗೊತ್ತಾಗಲಿಲ್ಲ. ಕೂಸು ಸೆರಗು ಸರಿಸಿ ನನ್ನತ್ತ ಎರಡೂ ಕೈ ಚಾಚಿತು.

ನಾನು ಎತ್ತಿಕೊಳ್ಳಲಿಲ್ಲ. ನಾಳೆ ಅದಕ್ಕೆಲ್ಲಿ ಜ್ವರ ಬಂದೀತೋ ಎಂದು ಹೆದರಿ, ಅದರ ಮುಖ ನೋಡದೆ ಹೊರಗೆ ಬಂದೆ.