‘ತೀರ್ಮಾನ ಸರಿ ಮಾರಾಯ, ಯಾರದ್ದು?’

ಬೆಳಗಿನ ಆರು ಗಂಟೆ. ಶಿವಮೊಗ್ಗದ ವಿದ್ಯಾನಗರದಲ್ಲಿ ಹಾಲಿನ ಅಂಗಡಿಯ ಮೇಲಿನ ಕೋಣೆಯಲ್ಲಿ ಟ್ಯೂಬ್‌ಲೈಟು ಮಿಣುಮಿಣುಕಿ ಹೊತ್ತಿಕೊಳ್ಳುತ್ತದೆ. ಭದ್ರಾವತಿಯಿಂದ ಮೊದಲ ಬಸ್ಸಿಗೆ ಬಂದಿಳಿದ ಜಗದಾಂಬಾ ಮೇಡಂ ಸ್ವೆಟರ್ ಕೂಡ ತೆಗೆಯದೆ ಬೋರ್ಡಿನ ಮೇಲೆ ಬರೆಯಲು ನಿಲ್ಲುತ್ತಾರೆ.

‘ಬೇಸಿಗೆಯಲ್ಲಿ ತ್ಯಾವರೆಕೊಪ್ಪದ ಹುಲಿ-ಸಿಂಹಧಾಮಕ್ಕೆ ಬರುವವರು ಕಡಿಮೆ. ಆದ್ದರಿಂದ ಮಧ್ಯಾಹ್ನದ ಸಫಾರಿ ನಿಲ್ಲಿಸಬೇಕು ಎಂದು ಕೆಲವರು ಹೇಳುತ್ತಾರೆ. ಆದರೆ ದೂರದ ಊರಿನವರು ಅಲ್ಲಿಗೆ ತಲುಪುವುದೇ ಮಧ್ಯಾಹ್ನ. ಹಾಗಾಗಿ ಆ ಸಫಾರಿ ಇರಲೇಬೇಕು.’

ಎರಡನೆಯ ವಾಕ್ಯದ ಕೆಳಗೆ ಗೆರೆ ಎಳೆದು ತಿರುಗುತ್ತಾರೆ. “ಈ ವಾದದಲ್ಲಿ ಈ ಮಾತಿನ ಪಾತ್ರ ಏನು?”

“ತೀರ್ಮಾನ, ಮೇಡಂ. ‘ಆದ್ದರಿಂದ’ ಅಂತ ಇದೆಯಲ್ಲ” ಎನ್ನುತ್ತಾನೆ ಮುಂದಿನ ಬೆಂಚಿನ ರುದ್ರೇಶ್.

“ತೀರ್ಮಾನ ಸರಿ ಮಾರಾಯ, ಯಾರದ್ದು?”

ರುದ್ರೇಶ್ ಮತ್ತೊಮ್ಮೆ ಓದುತ್ತಾನೆ. ಅದು ವಾದ ಮಾಡುವವರ ಮಾತಲ್ಲ, ಅವರು ಅಲ್ಲಗಳೆಯಲು ಹೊರಟಿರುವ ಬೇರೆಯವರ ಮಾತು. ಅವನ ಮುಖದಲ್ಲಿ ಅದು ಹೊಳೆದದ್ದು ಕಂಡ ಮೇಲೆಯೇ ಮೇಡಂ ಸ್ವೆಟರ್ ತೆಗೆದು ಕುರ್ಚಿಗೆ ಹಾಕುತ್ತಾರೆ.

ಬ್ಯಾಂಕು, ಪೊಲೀಸು, ರೈಲ್ವೆ ಎಂದು ಪರೀಕ್ಷೆಗೆ ಕೂರುವ ಮಕ್ಕಳು ಲೆಕ್ಕವನ್ನು ಹೇಗೋ ದಾಟಿ, ಇಂಥ ನಾಲ್ಕು ಸಾಲಿನ ವಾದಗಳಲ್ಲಿ ಎಡವುತ್ತಾರೆ. ಯಾವುದು ಕಾರಣ, ಯಾವುದು ತೀರ್ಮಾನ, ಯಾವುದು ಎದುರಾಳಿಯ ಮಾತು ಎಂದು ಬಿಡಿಸಿ ತೋರಿಸುವುದೇ ಜಗದಾಂಬಾ ಅವರ ಕೆಲಸ. ಕೋಚಿಂಗ್ ಸೆಂಟರಿನ ಫ್ಲೆಕ್ಸಿನಲ್ಲಿ ಪಾಸಾದವರ ಫೋಟೊಗಳಿವೆ. ಪಾಠ ಹೇಳಿದವರ ಫೋಟೊ ಇಲ್ಲ.

ಅರವತ್ತರ ಆಸುಪಾಸಿನ ಈ ಮೇಡಂ ಓದಿದ್ದು ತರ್ಕಶಾಸ್ತ್ರ. ಪಿಯುಸಿಯಲ್ಲಿ ಅದನ್ನೂ ಒಂದು ವಿಷಯವಾಗಿ ಮಕ್ಕಳು ಆರಿಸಿಕೊಳ್ಳುತ್ತಿದ್ದ ಕಾಲದಲ್ಲಿ ಭದ್ರಾವತಿಯ ಒಂದು ಖಾಸಗಿ ಕಾಲೇಜಿಗೆ ಸೇರಿದರು. ಆ ತರಗತಿಯ ಮಾತು ಬಂದರೆ ಅವರ ದನಿ ಮೆತ್ತಗಾಗುತ್ತದೆ.

“ಮನೇಲಿ ತಮಿಳು, ತೆಲುಗು, ಉರ್ದು ಆಡೋ ಮಕ್ಕಳು. ಎಲ್ಲರ ಅಪ್ಪಂದಿರೂ ಫ್ಯಾಕ್ಟರಿಯವ್ರು. ಶಿಫ್ಟಿನ ಸೈರನ್ ಕೂಗಿದ್ರೆ ಪಾಠ ನಿಲ್ಲಿಸ್ಬೇಕಿತ್ತು. ಆ ಹೊತ್ತಲ್ಲಿ ಮಕ್ಕಳು ಕೈಸನ್ನೇಲೇ ವಾದದ ಜಗಳ ಮುಂದುವರಿಸೋರು” ಎಂದು ನಗುತ್ತಾರೆ. ‘ಮನುಷ್ಯರೆಲ್ಲ ಸಾಯುವವರು’ ಎಂದು ಬೋರ್ಡಿನ ಮೇಲೆ ಬರೆದ ದಿನ ಹಿಂದಿನ ಬೆಂಚಿನಿಂದ ಅಕ್ರಂ ಎಂಬ ಹುಡುಗ ಎದ್ದು ನಿಂತು, “ಮೇಡಂ, ನಿಮ್ ಸಬ್ಜೆಕ್ಟಲ್ಲಿ ಯಾರೂ ಬದುಕೋದೇ ಇಲ್ವಾ?” ಎಂದು ಕೇಳಿದ್ದನಂತೆ. ತರಗತಿಯ ಜೊತೆ ಅವರೂ ನಕ್ಕಿದ್ದರು.

ಬರಬರುತ್ತಾ ಆ ಬೆಂಚುಗಳು ಖಾಲಿಯಾದವು. ತರ್ಕಶಾಸ್ತ್ರ ಓದಿದರೆ ಏನು ಕೆಲಸ ಸಿಗುತ್ತದೆ ಎಂದು ಕೇಳಿ ಮಕ್ಕಳು ಬೇರೆ ವಿಷಯಗಳಿಗೆ ಹೋದರು. ಒಂದು ಜೂನ್‌ನಲ್ಲಿ ವೇಳಾಪಟ್ಟಿಯಲ್ಲಿ ಅವರ ವಿಷಯವಿದ್ದ ಜಾಗಕ್ಕೆ ಕಂಪ್ಯೂಟರ್ ಬಂತು. “ವಾದ ಮಾಡೋದು ಹೇಗೆ ಅಂತ ಅಷ್ಟು ವರ್ಷ ಕಲಿಸ್ದೋಳು ನಾನು. ಅವತ್ತು ಒಂದು ಮಾತೂ ಆಡ್ಲಿಲ್ಲ. ಸ್ಟಾಫ್ ರೂಮಲ್ಲಿ ಉಪ್ಪಿಟ್ಟು ಕೊಟ್ಟು ಕಳಿಸಿದ್ರು. ಉಪ್ಪಿಟ್ಟು ಚೆನ್ನಾಗಿತ್ತು, ಅದೇ ಬೇಜಾರು.”

ಆಮೇಲೆ ಕೆಲವು ವರ್ಷ ಅವರು ಮನೆಯಲ್ಲೇ ಇದ್ದರು. ಒಂದು ದಿನ ರಂಗಪ್ಪ ವೃತ್ತದ ಹತ್ತಿರ ಸ್ಕೂಟರ್ ಕೆಟ್ಟು, ತಳ್ಳಿಕೊಂಡು ಗ್ಯಾರೇಜಿಗೆ ಹೋದರೆ, ಎಣ್ಣೆ ಮೆತ್ತಿದ ಕೈ ಒರೆಸಿಕೊಳ್ಳುತ್ತಾ ಎದ್ದು ಬಂದವನು ಅದೇ ಅಕ್ರಂ! ಗಡ್ಡ ನರೆತಿತ್ತು. ಸ್ಕೂಟರ್ ಸರಿಮಾಡಿದವನು ಹೊರಡಲು ಬಿಡಲಿಲ್ಲ. “ನನ್ ಮಗಳು ಮುಬೀನಾ ಬ್ಯಾಂಕ್ ಪರೀಕ್ಷೆ ಕಟ್ಟಿದಾಳೆ ಮೇಡಂ. ರೀಸನಿಂಗ್ ಒಂದೇ ಕೈ ಕೊಡ್ತಿದೆ. ನೀವು ನಮಗೆ ಹೇಳ್ಕೊಡ್ತಿದ್ದಿದ್ದು ಅದೇ ಅಲ್ವಾ?”

ಹಾಗೆ ಶುರುವಾಯಿತು ಪಾಠ, ಮೇಡಂ ಮನೆಯ ಜಗಲಿಯಲ್ಲಿ. ಆದರೆ ಮುಬೀನಾ ಆ ವರ್ಷವೂ ಫೇಲಾದಳು. ಅಕ್ರಂ ಒಬ್ಬನೇ ಬಂದ. “ಇನ್ನು ಕಳ್ಸೋದಿಲ್ಲ ಮೇಡಂ. ಎರಡು ಸಲ ಫೇಲಾದ್ಲು, ಆದ್ದರಿಂದ ಓದು ಸಾಕು, ಮದುವೆ ಮಾಡೋಣ ಅಂತ ನಮ್ಮಣ್ಣ ಗಂಡು ನೋಡಿದಾನೆ” ಎಂದ.

ಆ ಸಂಜೆಯನ್ನು ಮೇಡಂ ಮರೆತಿಲ್ಲ. ಹುಡುಗಿಯ ಪರ ವಾದಿಸಲು ಹೋಗಲಿಲ್ಲ. “ಫೇಲಾಗಿದ್ದು ನಡೆದ ಸಂಗತಿ, ಒಪ್ದೆ. ಓದು ಸಾಕು ಅನ್ನೋದು ಯಾರ ತೀರ್ಮಾನ ಅಕ್ರಂ? ನಿನ್ನದಾ?” ಎಂದಷ್ಟೇ ಕೇಳಿದರು.

ಅಕ್ರಂ ಎದ್ದು ಮನೆಗೆ ಹೋದ. ಅವತ್ತು ಮನೆಯಲ್ಲಿ ನಡೆದದ್ದನ್ನು ಅವನೇ ಹೇಳುತ್ತಾನೆ. “ನಮ್ ಬಿಸ್ಮಿಲ್ಲಾ ಅಣ್ಣ ಅಂದ್ರೆ ನಮಗೆಲ್ಲ ಅಪ್ಪನ್ ಥರ. ಎದುರು ಮಾತಾಡ್ದೋನೇ ಅಲ್ಲ ನಾನು. ಅವತ್ತು ಕೇಳ್ದೆ, ‘ಅಣ್ಣಾ, ಫೇಲಾಗಿದ್ದಕ್ಕೂ ಮದುವೆಗೂ ನಡುವೆ ಏನಿದೆ ಹೇಳು. ನೀನು ಲೈಸೆನ್ಸ್ ಟೆಸ್ಟಲ್ಲಿ ಎಷ್ಟು ಸಲ ಫೇಲಾದೆ? ಆವಾಗ ಸ್ಟೇರಿಂಗ್ ಬಿಟ್ಟು ಮದುವೆ ಆಗು ಅಂತ ಯಾರಾದ್ರೂ ಅಂದ್ರಾ?’ ಮೊದಲು ಕೆಂಡ ಆದ. ಆಮೇಲೆ ಅತ್ತಿಗೇನೇ ನಕ್ಬಿಟ್ರು. ‘ಇನ್ನೊಂದು ವರ್ಷ, ಅಷ್ಟೇ’ ಅಂತ ಹೇಳಿ ಅಣ್ಣ ಎದ್ದು ಹೋದ.”

ಮರುದಿನ ಬೆಳಗ್ಗೆ ಮುಬೀನಾ ಜಗಲಿಗೆ ಬಂದಳು. ಪರೀಕ್ಷೆಯಲ್ಲಿ ಅವಳು ಎಡವುತ್ತಿದ್ದದ್ದೂ ಯಾರ ತೀರ್ಮಾನ ಎಂದು ನೋಡದೆಯೇ. ‘ಆದ್ದರಿಂದ’, ‘ಹಾಗಾಗಿ’ ಕಂಡಲ್ಲೆಲ್ಲ ತೀರ್ಮಾನ ಎಂದು ಗುರುತು ಹಾಕಿ ಮುಂದೆ ಓಡುತ್ತಿದ್ದಳು. ಮೇಡಂ ಆ ವರ್ಷ ಅವಳಿಗೆ ನಿಧಾನವನ್ನು ಕಲಿಸಿದರು. ಮುಂದಿನ ಪರೀಕ್ಷೆಯಲ್ಲಿ ಪಾಸಾದ ಮುಬೀನಾ ಈಗ ತರೀಕೆರೆಯ ಬ್ಯಾಂಕೊಂದರಲ್ಲಿ ಕ್ಲರ್ಕ್. ಭಾನುವಾರ ಫೋನ್ ಮಾಡುತ್ತಾಳೆ. “ಮೇಡಂ, ಕೌಂಟರಲ್ಲಿ ಒಬ್ರು ಬರೀ ತೀರ್ಮಾನಾನೇ ಕೂಗ್ತಿದ್ರು. ಕಾರಣ ಕೇಳಿದ್ರೆ ಸುಮ್ನಾದ್ರು!” ಅವಳ ಸುದ್ದಿ ಬಾಯಿಂದ ಬಾಯಿಗೆ ಹೋಗಿಯೇ ವಿದ್ಯಾನಗರದ ಸೆಂಟರಿನವರು ಮೇಡಂ ಅವರನ್ನು ಹುಡುಕಿಕೊಂಡು ಬಂದದ್ದು.

ಎಂಟು ಗಂಟೆಗೆ ತರಗತಿ ಮುಗಿಯುತ್ತದೆ. ಶಂಕರಘಟ್ಟದ ವಿಶ್ವವಿದ್ಯಾಲಯಕ್ಕೆ ಹೋಗುವವರು ಬಸ್ಸಿಗೆ ಓಡುತ್ತಾರೆ. ಕೆಳಗೆ ಬೀದಿಬದಿಯಲ್ಲಿ ಮೇಡಂ ಕಾಫಿ ಕುಡಿಯುತ್ತಾರೆ. ಈ ಮಕ್ಕಳು ಜಾಣರು, ಕಷ್ಟಪಡುವವರು, ಅವರ ಬಗ್ಗೆ ದೂರಿಲ್ಲ. ಆಸೆ ಏನಾದರೂ ಉಳಿದಿದೆಯೇ ಎಂದರೆ ಮೊದಲು ಇಲ್ಲ ಎನ್ನುತ್ತಾರೆ. ಆಮೇಲೆ ಲೋಟ ಕೆಳಗಿಡುತ್ತಾರೆ.

“ಒಂದೇ ಒಂದು ದಿನ, ‘ಇದು ಪರೀಕ್ಷೆಗೆ ಬರುತ್ತಾ ಮೇಡಂ’ ಅಂತ ಯಾರೂ ಕೇಳ್ದೇ ಇರೋ ಕ್ಲಾಸ್ ತಗೋಬೇಕು. ಸುಮ್ನೆ ಕೂತ್ಕೊಂಡು ಜಗಳ ಆಡ್ಬೇಕು, ಅಷ್ಟೇ.”